ಹಾರ್ಡ್ ಡಿಸ್ಕ್ ತಪಾಸಣೆ

ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಪೂರ್ತಿ ಕೈಕೊಡುವ ಮುನ್ನ ತೋರುವ ಲಕ್ಷಣಗಳನ್ನು ಗುರುತಿಸಿ, ಒಳಗಿನ ಮಾಹಿತಿಯನ್ನು ವೇಳೆ ಇರುವಾಗಲೇ ಬೇರೆಡೆಗೆ ನಕಲು ಮಾಡಿಕೊಳ್ಳುವ ಕ್ರಮ. ಡಿಸ್ಕ್ ತನ್ನೊಳಗೇ ಬರೆದಿಡುವ ಎಣಿಕೆಗಳು, ಅದರ ಸದ್ದು, ಕೆಲಸದ ವೇಗ, ಕಾವು ಮತ್ತು ವಯಸ್ಸು ಈ ತಪಾಸಣೆಯ ಆಧಾರಗಳು. ಕೆಟ್ಟ ಡಿಸ್ಕಿನ ಬದಲಿಗೆ ಹೊಸದನ್ನು ಅದೇ ದಿನ ಕೊಂಡು ತರಬಹುದು. ಅದರಲ್ಲಿದ್ದ ಲೆಕ್ಕಪತ್ರ, ಮದುವೆಯ ಫೋಟೊ, ಸೀರೆಯ ವಿನ್ಯಾಸ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದ್ದರಿಂದ ತಪಾಸಣೆಯ ಗುರಿ ಮಾಹಿತಿಯ ರಕ್ಷಣೆ. ಯಂತ್ರದ ರಕ್ಷಣೆ ಅದರ ನಂತರದ ಮಾತು. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಬಳಕೆದಾರರನ್ನು ಮುಂದಿಟ್ಟುಕೊಂಡು ಇಲ್ಲಿ ವಿಷಯವನ್ನು ವಿವರಿಸಿದೆ.

ಪ್ರದೇಶ ಮತ್ತು ಬಳಕೆ

1997ರಲ್ಲಿ ಅಖಂಡ ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟ ಬಾಗಲಕೋಟೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸರೆಯಲ್ಲಿವೆ. ಕಬ್ಬು, ಸಕ್ಕರೆ, ನೇಯ್ಗೆ ಇಲ್ಲಿನ ಮುಖ್ಯ ದುಡಿಮೆಗಳು. ಮೂರರಲ್ಲೂ ಈಗ ಕಂಪ್ಯೂಟರ್ ಸೇರಿಕೊಂಡಿದೆ. ಸಕ್ಕರೆ ಕಾರ್ಖಾನೆಯ ವೇ ಬ್ರಿಜ್‌ನಲ್ಲಿ ಕಬ್ಬಿನ ಗಾಡಿ ತೂಗಿದ ಕೂಡಲೇ ತೂಕ ಕಂಪ್ಯೂಟರಿಗೆ ಏರುತ್ತದೆ. ರೈತನ ಕಬ್ಬಿನ ಬಿಲ್ಲು ಅದೇ ಸಂಖ್ಯೆಯಿಂದ ಹುಟ್ಟುತ್ತದೆ. ಪತ್ತಿನ ಸಹಕಾರಿ ಸಂಘಗಳು, ಗೊಬ್ಬರ ಮತ್ತು ಬೀಜದ ಅಂಗಡಿಗಳು, ಫೋಟೊ ಸ್ಟುಡಿಯೊಗಳು, ಡಿಟಿಪಿ ಕೇಂದ್ರಗಳು ತಮ್ಮ ವರ್ಷಗಳ ದುಡಿಮೆಯನ್ನು ಡಿಸ್ಕಿನಲ್ಲೇ ಇಟ್ಟುಕೊಂಡಿವೆ. ಅಂಗಡಿಯ ಸಿಸಿ ಕ್ಯಾಮೆರಾಗೆ ಜೋಡಿಸಿದ ಡಿವಿಆರ್ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಇರುವುದೂ ಒಂದು ಹಾರ್ಡ್ ಡಿಸ್ಕೇ.

ಈ ಸೀಮೆಯ ಜನ ಇಂದಿಗೂ ಉತಾರ ಎಂದು ಕರೆಯುವ ಪಹಣಿ, ಭೂಮಿ ಯೋಜನೆಯ ಬಳಿಕ ಕೈಬರಹದಿಂದ ಕಂಪ್ಯೂಟರಿಗೆ ಬಂತು. ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಆ ಯೋಜನೆಯಲ್ಲಿ ಗಣಕೀಕರಣಗೊಂಡವು. ಸರ್ಕಾರದ ದಾಖಲೆಗಳನ್ನು ನೋಡಿಕೊಳ್ಳಲು ಬೆಂಗಳೂರಿನಲ್ಲಿ ದತ್ತಾಂಶ ಕೇಂದ್ರವಿದೆ, ಅದಕ್ಕೆ ಸಿಬ್ಬಂದಿಯಿದೆ. ಸಣ್ಣ ಅಂಗಡಿ, ಸಂಘ, ಮನೆಗಳ ಡಿಸ್ಕಿಗೆ ಅಂಥ ಕಾವಲಿಲ್ಲ. ಅಲ್ಲಿ ಮಾಲೀಕನೇ ಕಾವಲುಗಾರ.

ನೇಯ್ಗೆಗೂ ಕಂಪ್ಯೂಟರಿನ ಸಂಗ್ರಹಕ್ಕೂ ಹಳೆಯ ನಂಟಿದೆ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಮಗ್ಗದಲ್ಲಿ ತೂತು ಕೊರೆದ ರಟ್ಟುಗಳೇ ಸೀರೆಯ ಅಂಚು ಸೆರಗುಗಳ ನೆನಪನ್ನು ಹೊತ್ತಿದ್ದವು. ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. 1890ರ ಅಮೆರಿಕದ ಜನಗಣತಿಯಲ್ಲಿ ಹರ್ಮನ್ ಹಾಲರಿತ್ ತೂತಿನ ಕಾರ್ಡುಗಳನ್ನು ಎಣಿಕೆಗೆ ಬಳಸಿದ. ಹಾರ್ಡ್ ಡಿಸ್ಕ್ ಹುಟ್ಟಿದ್ದು ಅಂಥ ಕಾರ್ಡುಗಳ ರಾಶಿಯ ಜಾಗ ಹಿಡಿಯಲು. ರಬಕವಿ, ಬನಹಟ್ಟಿಗಳ ನೇಕಾರರಿಗೆ ಜಕಾರ್ಡ್ ನಿತ್ಯದ ಮಾತು. ರಟ್ಟಿನ ಮೇಲಿದ್ದ ವಿನ್ಯಾಸ ಈಗ ಫೈಲಾಗಿ ಡಿಸ್ಕ್ ಸೇರುತ್ತಿದೆ. ರಟ್ಟು ಹರಿದರೆ ಕಣ್ಣಿಗೆ ಕಾಣುತ್ತಿತ್ತು; ಡಿಸ್ಕಿನೊಳಗೆ ಹರಿದದ್ದು ಹುಡುಕಿದರೆ ಮಾತ್ರ ಕಾಣುತ್ತದೆ.

ರಚನೆ

1956ರಲ್ಲಿ ಐಬಿಎಂ ಹೊರತಂದ ರಾಮಾಕ್ ಯಂತ್ರದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅದು ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳನ್ನು. ಇಂದಿನ ಡಿಸ್ಕ್ ಅಂಗೈಯಗಲದ್ದಾದರೂ ತತ್ವ ಅದೇ: ಕಾಂತೀಯ ಲೇಪವಿರುವ ತಟ್ಟೆಗಳು ತಿರುಗುತ್ತವೆ, ತೋಳಿನ ತುದಿಯ ಹೆಡ್ ಅವುಗಳ ಮೇಲೆ ತೇಲುತ್ತ ಓದುತ್ತದೆ, ಬರೆಯುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಡೆಸ್ಕ್‌ಟಾಪ್ ಡಿಸ್ಕಿನ ತಟ್ಟೆಯ ಅಂಚು ಗಂಟೆಗೆ 120 ಕಿ.ಮೀ.ಗೂ ಮಿಕ್ಕ ವೇಗದಲ್ಲಿ ಸಾಗುತ್ತಿರುತ್ತದೆ. ಹೆಡ್ ಮತ್ತು ತಟ್ಟೆಯ ನಡುವಿನ ಅಂತರ ಕೆಲವೇ ನ್ಯಾನೊಮೀಟರ್. ತಲೆಗೂದಲಿನ ದಪ್ಪ ಅದರ ಸಾವಿರಾರು ಪಟ್ಟು. ಹೊಗೆಯ ಕಣವೂ ಆ ಸಂದಿಗೆ ಬಂಡೆಯಷ್ಟು ದೊಡ್ಡದು.

ತಟ್ಟೆಯ ಮೇಲ್ಮೈ ಸೆಕ್ಟರ್ ಎಂಬ ಸಣ್ಣ ಭಾಗಗಳಾಗಿ ಹಂಚಿಹೋಗಿದೆ. ಹಿಂದೆ ಒಂದು ಸೆಕ್ಟರಿನ ಗಾತ್ರ 512 ಬೈಟ್ ಇತ್ತು. ಈಗಿನ ಬಹುತೇಕ ಡಿಸ್ಕುಗಳಲ್ಲಿ 4,096 ಬೈಟ್. ಸಾಮಾನ್ಯ ಸೆಕ್ಟರುಗಳ ಜತೆಗೆ ತಯಾರಕರು ಒಂದಷ್ಟು ಬಿಡಿ ಸೆಕ್ಟರುಗಳನ್ನು ಕಾಯ್ದಿರಿಸಿರುತ್ತಾರೆ. ಮುಂಗುರುತುಗಳಲ್ಲಿ ಮುಖ್ಯವಾದವು ನಿಂತಿರುವುದು ಈ ಬಿಡಿ ಸೆಕ್ಟರುಗಳ ಬಳಕೆಯ ಮೇಲೆ.

ಕೆಡುವ ಬಗೆಗಳು

ಡಿಸ್ಕ್ ಎರಡು ಬಗೆಯಲ್ಲಿ ಕೆಡುತ್ತದೆ. ಮೊದಲನೆಯದು ಥಟ್ಟನೆ: ವಿದ್ಯುತ್ ಏರಿಳಿತಕ್ಕೆ ಸರ್ಕಿಟ್ ಬೋರ್ಡ್ ಸುಡುವುದು, ಕೈಜಾರಿ ಬಿದ್ದು ಹೆಡ್ ತಟ್ಟೆಗೆ ಬಡಿಯುವುದು. ಇದಕ್ಕೆ ಮುನ್ಸೂಚನೆ ಇರುವುದಿಲ್ಲ. ಎರಡನೆಯದು ನಿಧಾನ: ತಟ್ಟೆಯ ಲೇಪ ಅಲ್ಲಲ್ಲಿ ಸವೆಯುವುದು, ಹೆಡ್ ಮಂಕಾಗುವುದು, ಮೋಟರಿನ ಬೇರಿಂಗ್ ಸವೆಯುವುದು. ತಪಾಸಣೆಗೆ ಸಿಗುವುದು ಈ ಎರಡನೆಯ ಬಗೆ.

ಪವರ್‌ಲೂಮಿನಲ್ಲಿ ಹೊಕ್ಕಿನ ಎಳೆ ಕಡಿದರೆ ಮಗ್ಗ ತಾನೇ ನಿಲ್ಲುವ ಏರ್ಪಾಡಿದೆ. ನೇಕಾರ ಬಂದು ಎಳೆ ಕೂಡಿಸಿದ ಮೇಲಷ್ಟೇ ಕೆಲಸ ಮುಂದುವರಿಯುತ್ತದೆ. ಹಾರ್ಡ್ ಡಿಸ್ಕ್ ಹಾಗೆ ನಿಲ್ಲುವುದಿಲ್ಲ. ಒಂದು ಸೆಕ್ಟರ್ ಓದಲು ಬಾರದಿದ್ದರೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಆಗಲೂ ಆಗದಿದ್ದರೆ ಅದನ್ನು ಸಂಶಯದ ಪಟ್ಟಿಗೆ ಸೇರಿಸುತ್ತದೆ. ಮುಂದೆ ಆ ಜಾಗಕ್ಕೆ ಹೊಸದಾಗಿ ಬರೆಯುವ ಸಂದರ್ಭ ಬಂದಾಗ, ಜಾಗ ನಿಜಕ್ಕೂ ಕೆಟ್ಟಿದ್ದರೆ, ಒಂದು ಬಿಡಿ ಸೆಕ್ಟರನ್ನು ಅದರ ಬದಲಿಗೆ ನಿಲ್ಲಿಸುತ್ತದೆ. ಬಳಕೆದಾರನಿಗೆ ಕಾಣುವುದು ಹೆಚ್ಚೆಂದರೆ ಕಂಪ್ಯೂಟರ್ ಕ್ಷಣಕಾಲ ತಡೆದು ಮುಂದುವರಿದದ್ದು. ಆದರೆ ಡಿಸ್ಕ್ ತನ್ನ ಲೆಕ್ಕದ ಪುಸ್ತಕದಲ್ಲಿ ಅದನ್ನು ಬರೆದಿಟ್ಟಿರುತ್ತದೆ.

ಸ್ಮಾರ್ಟ್ ವ್ಯವಸ್ಥೆಯ ಬೆಳವಣಿಗೆ

ಆ ಲೆಕ್ಕದ ಪುಸ್ತಕಕ್ಕೆ ಸ್ಮಾರ್ಟ್ ಎಂದು ಹೆಸರು. ಸೆಲ್ಫ್ ಮಾನಿಟರಿಂಗ್, ಅನಾಲಿಸಿಸ್ ಅಂಡ್ ರಿಪೋರ್ಟಿಂಗ್ ಟೆಕ್ನಾಲಜಿ ಎಂಬುದರ ಹ್ರಸ್ವರೂಪ ಇದು. ಐಬಿಎಂ 1992ರಲ್ಲಿ ಎಎಸ್/400 ಸರ್ವರುಗಳ 9337 ಡಿಸ್ಕ್ ಸಾಲಿನಲ್ಲಿ ಕೆಡುಕನ್ನು ಮುಂಚೆಯೇ ತಿಳಿಸುವ ವಿಧಾನವನ್ನು ತಂದಿತು. ಕಾಂಪ್ಯಾಕ್ ಕಂಪನಿ ಸೀಗೇಟ್, ಕ್ವಾಂಟಮ್, ಕಾನರ್ ಎಂಬ ಡಿಸ್ಕ್ ತಯಾರಕರೊಡನೆ ಇಂಟೆಲಿಸೇಫ್ ಎಂಬ ಮತ್ತೊಂದು ವಿಧಾನ ರೂಪಿಸಿ, 1995ರಲ್ಲಿ ಅದನ್ನು ಎಲ್ಲರ ಬಳಕೆಗೆಂದು ಮುಂದಿಟ್ಟಿತು. ಇವೆರಡೂ ಕೂಡಿ ಸ್ಮಾರ್ಟ್ ಆಯಿತು. ಮುಂದೆ ಡಿಸ್ಕ್ ಜೋಡಣೆಯ ಎಟಿಎ-3 ಮಾನದಂಡದಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು.

ಈ ಒಮ್ಮತ ಪೂರ್ಣವಾಗಲಿಲ್ಲ. ಡಿಸ್ಕ್ ಒಟ್ಟಾರೆ ಸರಿ ಇದೆಯೇ ಇಲ್ಲವೇ ಎಂಬ ಉತ್ತರದ ರೂಪ ಎಲ್ಲ ಕಂಪನಿಗಳಿಗೂ ಒಂದೇ. ಯಾವ ಎಣಿಕೆಗೆ ಏನು ಅರ್ಥ, ಅಪಾಯದ ಗೆರೆ ಎಲ್ಲಿ ಎಂಬುದನ್ನು ಪ್ರತಿ ತಯಾರಕರೂ ತಮ್ಮಂತೆ ನಿಗದಿ ಮಾಡುತ್ತಾರೆ. ಉದಾಹರಣೆಗೆ ಸ್ಮಾರ್ಟ್ ಪಟ್ಟಿಯ 1ನೆಯ ಲಕ್ಷಣವಾದ ಓದುವಿಕೆಯ ದೋಷದ ದರ ಸೀಗೇಟ್ ಡಿಸ್ಕುಗಳಲ್ಲಿ ಕೋಟಿಗಟ್ಟಲೆ ಸಂಖ್ಯೆಯಾಗಿ ಕಾಣುವುದು ಸಹಜ. ಅದನ್ನು ಕಂಡು ಗಾಬರಿಪಡಬೇಕಿಲ್ಲ. ಡಿಸ್ಕಿನ ಎಣಿಕೆಗಳನ್ನು ಅದರದೇ ಹಿಂದಿನ ಎಣಿಕೆಗಳೊಡನೆ ಹೋಲಿಸುವುದು ಸರಿಯಾದ ದಾರಿ.

ಗಮನಿಸಬೇಕಾದ ಲಕ್ಷಣಗಳು

ಸ್ಮಾರ್ಟ್ ಪಟ್ಟಿಯಲ್ಲಿ ಸಂಖ್ಯೆ ಹಾಕಿದ ಹತ್ತಾರು ಸಾಲುಗಳಿರುತ್ತವೆ. ಸಾಮಾನ್ಯ ಬಳಕೆದಾರ ತಿಳಿದಿರಬೇಕಾದವು ಇವು:

5: ಬದಲಿ ಸೆಕ್ಟರುಗಳ ಸಂಖ್ಯೆ. ಕೆಟ್ಟ ಸೆಕ್ಟರುಗಳ ಜಾಗಕ್ಕೆ ಬಿಡಿ ಸೆಕ್ಟರುಗಳು ಎಷ್ಟು ಬಂದಿವೆ ಎಂಬ ಲೆಕ್ಕ. ಆರೋಗ್ಯವಂತ ಡಿಸ್ಕಿನಲ್ಲಿ ಇದು ಸೊನ್ನೆ.

187: ತಿದ್ದಲಾಗದೆ ವರದಿಯಾದ ದೋಷಗಳು. ಡಿಸ್ಕ್ ತನ್ನ ತಿದ್ದುವ ಸಾಮರ್ಥ್ಯವನ್ನೆಲ್ಲ ಬಳಸಿಯೂ ಓದಲಾರದೆ ಹೋದ ಸಲಗಳು.

188: ಆಜ್ಞೆಗೆ ಸಮಯದೊಳಗೆ ಉತ್ತರ ಕೊಡದ ಸಲಗಳು. ವಿದ್ಯುತ್ ಪೂರೈಕೆ ಅಥವಾ ಕೇಬಲ್ ಸಡಿಲವಾಗಿದ್ದರೂ ಇದು ಏರಬಹುದು.

197: ಸಂಶಯದ ಪಟ್ಟಿಯಲ್ಲಿರುವ ಸೆಕ್ಟರುಗಳು. ತೀರ್ಪಿಗೆ ಕಾದಿರುವ ಈ ಸೆಕ್ಟರುಗಳಲ್ಲಿರುವ ಮಾಹಿತಿ ಆ ಹೊತ್ತಿಗೆ ಓದಲು ಸಿಗುತ್ತಿಲ್ಲ ಎಂದರ್ಥ.

198: ಡಿಸ್ಕ್ ಬಿಡುವಿನಲ್ಲಿ ತನ್ನನ್ನು ತಾನು ಪರೀಕ್ಷಿಸಿಕೊಂಡಾಗ ಕಂಡ, ತಿದ್ದಲಾಗದ ಸೆಕ್ಟರುಗಳು.

199: ಕೇಬಲಿನ ದಾರಿಯಲ್ಲಿ ಆದ ದೋಷಗಳು. ಇದೊಂದೇ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಮೊದಲು ಸಾಟಾ ಕೇಬಲ್ ಬದಲಿಸಿ ನೋಡಬೇಕು. ಹಳೆಯ ಎಣಿಕೆ ಅಳಿಯುವುದಿಲ್ಲ. ಹೊಸದಾಗಿ ಏರದಿದ್ದರೆ ರೋಗ ಕೇಬಲಿನದು.

10: ತಟ್ಟೆ ಪೂರ್ಣ ವೇಗಕ್ಕೆ ಬರಲು ಮತ್ತೆ ಮಾಡಿದ ಪ್ರಯತ್ನಗಳು. ಮೋಟರ್ ಅಥವಾ ವಿದ್ಯುತ್ ಪೂರೈಕೆಯ ದೌರ್ಬಲ್ಯದ ಗುರುತು.

9 ಮತ್ತು 194: ಚಾಲನೆಯಲ್ಲಿದ್ದ ಗಂಟೆಗಳು ಮತ್ತು ಈಗಿನ ಕಾವು. ಹಗಲಿರುಳು ಓಡುವ ಡಿಸ್ಕ್ ವರ್ಷಕ್ಕೆ 8,760 ಗಂಟೆ ಪೂರೈಸುತ್ತದೆ. ಹೊಸದೆಂದು ಕೊಂಡ ಡಿಸ್ಕಿನಲ್ಲಿ ಸಾವಿರಾರು ಗಂಟೆ ಕಂಡರೆ ಅದು ಬಳಸಿದ ಮಾಲು.

ಎಣಿಕೆಯ ಹೊರಗಿನ ಲಕ್ಷಣಗಳೂ ಇವೆ. ಒಂದೇ ಲಯದಲ್ಲಿ ಟಕ್ ಟಕ್ ಸದ್ದು ಬರುತ್ತಿದ್ದರೆ ಹೆಡ್ ತನ್ನ ಜಾಗ ಹುಡುಕಲಾರದೆ ಮತ್ತೆ ಮತ್ತೆ ಹಿಂದಿರುಗುತ್ತಿದೆ ಎಂದು ತಿಳಿಯಬಹುದು. ಒಂದು ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿಯುವುದು, ಫೈಲ್ ನಕಲು ಅರ್ಧಕ್ಕೆ ನಿಲ್ಲುವುದು, ಕಂಪ್ಯೂಟರ್ ಶುರುವಾದಾಗಲೆಲ್ಲ ಡಿಸ್ಕ್ ಪರೀಕ್ಷೆಗೆ ಇಳಿಯುವುದು, ಡಿಸ್ಕ್ ಆಗಾಗ ಕಾಣೆಯಾಗಿ ಮತ್ತೆ ತೋರುವುದು ಉಳಿದ ಚಿಹ್ನೆಗಳು. ಡಿವಿಆರ್‌ನಲ್ಲಾದರೆ ರೆಕಾರ್ಡಿಂಗಿನ ನಡುನಡುವೆ ಖಾಲಿ ಬಿಟ್ಟ ಗಂಟೆಗಳು ಅದೇ ಕಥೆ ಹೇಳುತ್ತವೆ.

ನೋಡುವ ಕ್ರಮ

ವಿಂಡೋಸ್ ಬಳಸುವವರಲ್ಲಿ ಜಪಾನಿನಲ್ಲಿ ತಯಾರಾದ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಪ್ರಚಲಿತ. ಅದು ಡಿಸ್ಕಿನ ಸ್ಥಿತಿಯನ್ನು ಬಣ್ಣದಲ್ಲಿ ತೋರಿಸುತ್ತದೆ: ನೀಲಿ ಎಂದರೆ ಕ್ಷೇಮ, ಹಳದಿ ಎಂದರೆ ಎಚ್ಚರ, ಕೆಂಪು ಎಂದರೆ ಅಪಾಯ. ಸಂಖ್ಯೆಗಳು ಮೊದಲಿಗೆ ಹದಿನಾರರ ಮೂಲದಲ್ಲಿ ಕಾಣುವುದರಿಂದ ಸೆಟ್ಟಿಂಗಿನಲ್ಲಿ ಹತ್ತರ ಮೂಲಕ್ಕೆ ಬದಲಿಸಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಅಲ್ಲಿ 10 ಎಂದು ಕಂಡದ್ದು ನಿಜದಲ್ಲಿ 16. ಲಿನಕ್ಸ್ ಮುಂತಾದವುಗಳಲ್ಲಿ ಬ್ರೂಸ್ ಅಲೆನ್ 2002ರಲ್ಲಿ ಆರಂಭಿಸಿದ ಸ್ಮಾರ್ಟ್‌ಮಾನ್‌ಟೂಲ್ಸ್ ಬಳಕೆಯಲ್ಲಿದೆ. ಅದರ ಸ್ಮಾರ್ಟ್‌ಸಿಟಿಎಲ್ ಎಂಬ ಭಾಗ ಕೇಳಿದಾಗ ಮಾಹಿತಿ ಕೊಡುತ್ತದೆ. ಸ್ಮಾರ್ಟ್‌ಡಿ ಎಂಬ ಭಾಗ ಹಿನ್ನೆಲೆಯಲ್ಲಿ ಕಾಯುತ್ತಿದ್ದು ಬದಲಾವಣೆ ಕಂಡರೆ ಇಮೇಲ್ ಕಳಿಸಬಲ್ಲದು. ಸಂಘ ಸಂಸ್ಥೆಗಳ ಸರ್ವರಿಗೆ ಇದು ಹೊಂದುತ್ತದೆ. ಡಿವಿಆರ್ ಮೆನುವಿನಲ್ಲೂ ಡಿಸ್ಕಿನ ಸ್ಥಿತಿ ತೋರಿಸುವ ಪುಟ ಸಾಮಾನ್ಯವಾಗಿ ಇರುತ್ತದೆ.

ಎಣಿಕೆ ಓದುವುದರ ಜತೆಗೆ ಡಿಸ್ಕಿಗೆ ಸ್ವಪರೀಕ್ಷೆ ಮಾಡಿಕೊಳ್ಳುವಂತೆ ಹೇಳಬಹುದು. ಕಿರು ಪರೀಕ್ಷೆ ಒಂದೆರಡು ನಿಮಿಷದ್ದು. ದೀರ್ಘ ಪರೀಕ್ಷೆ ಇಡೀ ತಟ್ಟೆಯನ್ನು ಓದುವುದರಿಂದ ಗಂಟೆಗಳು ಬೇಕು. ವರ್ಷಗಟ್ಟಲೆ ಯಾರೂ ತೆರೆಯದ ಫೋಟೊಗಳಿರುವ ಜಾಗ ಕೆಟ್ಟಿದ್ದರೆ ಅದು ತಿಳಿಯುವುದು ಮುಖ್ಯವಾಗಿ ದೀರ್ಘ ಪರೀಕ್ಷೆಯಲ್ಲಿ. ಯುಎಸ್‌ಬಿ ಪೆಟ್ಟಿಗೆಯಲ್ಲಿರುವ ಕೆಲವು ಎಕ್ಸ್‌ಟರ್ನಲ್ ಡಿಸ್ಕುಗಳು ಈ ಮಾಹಿತಿಯನ್ನು ಹೊರಗೆ ಬಿಡುವುದಿಲ್ಲ. ಅಂಥವುಗಳನ್ನು ಪೆಟ್ಟಿಗೆಯಿಂದ ಬಿಡಿಸಿ ನೇರ ಜೋಡಿಸಿದಾಗ ಓದಲು ಸಿಗಬಹುದು.

ತಿಂಗಳಿಗೊಮ್ಮೆ 5, 187, 188, 197, 198 ಈ ಐದು ಸಾಲುಗಳನ್ನು ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಸರಳ ಮತ್ತು ಸಾಕಷ್ಟು ಗಟ್ಟಿಯಾದ ವಿಧಾನ. ಹಲವು ತಿಂಗಳಿಂದ 8ರಲ್ಲೇ ನಿಂತ ಬದಲಿ ಸೆಕ್ಟರಿಗಿಂತ, ಎರಡು ವಾರದಲ್ಲಿ 0ಯಿಂದ 3ಕ್ಕೆ, 3ರಿಂದ 11ಕ್ಕೆ ಏರಿದ ಸಂಖ್ಯೆ ಹೆಚ್ಚು ಅಪಾಯದ್ದು. ಡಿಸ್ಕ್ ಒಟ್ಟಾರೆ ಸರಿ ಇದೆ ಎಂಬ ಉತ್ತರವೇ ಇನ್ನೂ ಬರುತ್ತಿದ್ದರೂ ಈ ಏರಿಕೆಯನ್ನು ಹಗುರಾಗಿ ಕಾಣಬಾರದು.

ಎಷ್ಟು ನಂಬಬಹುದು

ಈ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿದ್ದು 2007ರಲ್ಲಿ. ಆ ವರ್ಷ ಗೂಗಲ್‌ನ ಪಿನ್ಹೇರೊ, ವೆಬರ್ ಮತ್ತು ಬರೋಸೊ 1 ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನ ಪ್ರಕಟಿಸಿದರು. ಸ್ವಯಂ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷ ಕಾಣದ ಡಿಸ್ಕಿನ 39 ಪಟ್ಟು. ಮೊದಲ ಬದಲಿ ಸೆಕ್ಟರ್ ಬಂದ ಡಿಸ್ಕಿಗೆ ಅದು 14 ಪಟ್ಟು. ಅಂದರೆ ಮೊದಲ ಗುರುತೇ ದೊಡ್ಡ ಗುರುತು. ಅದೇ ಅಧ್ಯಯನದ ಇನ್ನೊಂದು ಮುಖ ಕಹಿಯಾದುದು: ಕೆಟ್ಟ ಡಿಸ್ಕುಗಳಲ್ಲಿ ಶೇ. 56ಕ್ಕೂ ಹೆಚ್ಚಿನವು ಅಧ್ಯಯನ ಪ್ರಬಲವೆಂದು ಗುರುತಿಸಿದ ನಾಲ್ಕು ಲಕ್ಷಣಗಳಲ್ಲಿ ಒಂದನ್ನೂ ತೋರದೆ ಕೆಟ್ಟಿದ್ದವು.

ಅದೇ ವರ್ಷ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ತಯಾರಕರ ಹೇಳಿಕೆಯನ್ನು ಪರಿಶೀಲಿಸಿದರು. 10 ಲಕ್ಷ ಗಂಟೆ ಬಾಳುತ್ತದೆ ಎಂಬ ಘೋಷಣೆಯಂತೆ ವರ್ಷಕ್ಕೆ ನೂರರಲ್ಲಿ ಒಂದು ಡಿಸ್ಕೂ ಕೆಡಬಾರದು. ವಾಸ್ತವದಲ್ಲಿ ಶೇ. 2ರಿಂದ 4ರಷ್ಟು ಬದಲಾವಣೆ ಸಾಮಾನ್ಯವಾಗಿತ್ತು, ಕೆಲವೆಡೆ ಶೇ. 13ರವರೆಗೆ ಏರಿತ್ತು. ಸಾವಿರಾರು ಡಿಸ್ಕುಗಳ ಅಂಕಿಅಂಶವನ್ನು ಸಾರ್ವಜನಿಕವಾಗಿ ಪ್ರಕಟಿಸುವ ಬ್ಯಾಕ್‌ಬ್ಲೇಜ್ ಕಂಪನಿ 2016ರಲ್ಲಿ, ತಿಂಗಳಿಗೊಮ್ಮೆ ಬರೆದಿಡಲು ಮೇಲೆ ಹೇಳಿದ ಐದು ಲಕ್ಷಣಗಳನ್ನು ಲೆಕ್ಕ ಹಾಕಿತು. ಕೆಟ್ಟ ಡಿಸ್ಕುಗಳಲ್ಲಿ ಶೇ. 76.7ರಷ್ಟು ಒಂದಾದರೂ ಲಕ್ಷಣ ತೋರಿದ್ದವು. ಚೆನ್ನಾಗಿ ಓಡುತ್ತಿದ್ದವುಗಳಲ್ಲಿ ಹಾಗೆ ತೋರಿದ್ದು ಶೇ. 4.2 ಮಾತ್ರ.

ಇವೆಲ್ಲದರ ತಾತ್ಪರ್ಯ ಒಂದೇ. ಲಕ್ಷಣ ಕಂಡರೆ ನಂಬಬೇಕು. ಕಾಣಲಿಲ್ಲವೆಂದು ನಿಶ್ಚಿಂತೆಯಿಂದ ಇರಬಾರದು.

ಎಸ್‌ಎಸ್‌ಡಿ

ತಿರುಗುವ ತಟ್ಟೆ ಇಲ್ಲದ ಎಸ್‌ಎಸ್‌ಡಿಗಳಲ್ಲಿ ಮಾಹಿತಿ ಫ್ಲ್ಯಾಶ್ ಚಿಪ್ಪಿನಲ್ಲಿರುತ್ತದೆ. ಪ್ರತಿ ಬರಹಕ್ಕೂ ಚಿಪ್ಪು ತುಸು ಸವೆಯುತ್ತದೆ. ಎನ್‌ವಿಎಂಇ ಮಾದರಿಯವು ಬಳಕೆಯಾದ ಆಯುಸ್ಸಿನ ಶೇಕಡಾ ಪ್ರಮಾಣ, ಉಳಿದ ಬಿಡಿ ಜಾಗ ಮತ್ತು ಮಾಧ್ಯಮ ದೋಷಗಳನ್ನು ವರದಿ ಮಾಡುತ್ತವೆ. ಇವುಗಳಲ್ಲಿ ಟಕ್ ಟಕ್ ಸದ್ದಿನಂಥ ಎಚ್ಚರಿಕೆ ಇಲ್ಲ. ಗೂಗಲ್‌ನ ಫ್ಲ್ಯಾಶ್ ಡ್ರೈವ್‌ಗಳ ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನದಂತೆ ಅವುಗಳ ಬದಲಾವಣೆಯ ದರ ಹಾರ್ಡ್ ಡಿಸ್ಕಿಗಿಂತ ಕಡಿಮೆ. ತಿದ್ದಲಾಗದ ದೋಷಗಳು ಮಾತ್ರ ಹೆಚ್ಚು. ಬರಹದ ಮಿತಿ ಮುಗಿದ ಗೃಹಬಳಕೆಯ ಎಸ್‌ಎಸ್‌ಡಿ ವಿದ್ಯುತ್ತಿಲ್ಲದೆ 30 ಡಿಗ್ರಿ ಕಾವಿನಲ್ಲಿ 1 ವರ್ಷ ಮಾಹಿತಿ ಹಿಡಿದಿಟ್ಟುಕೊಳ್ಳಬೇಕು ಎಂಬುದು ಜೆಡೆಕ್ ಸಂಸ್ಥೆಯ ಮಾನದಂಡ. ಕಾವು ಹೆಚ್ಚಿದಂತೆ ಆ ಅವಧಿ ಇಳಿಯುತ್ತದೆ. ಆದುದರಿಂದ ಹಳೆಯ ಎಸ್‌ಎಸ್‌ಡಿಯಲ್ಲಿ ಫೋಟೊ ತುಂಬಿ ಕಪಾಟಿನಲ್ಲಿಟ್ಟು ಮರೆಯುವುದು ಸುರಕ್ಷಿತವಲ್ಲ.

ಹವೆ, ದೂಳು, ವಿದ್ಯುತ್, ನೆರೆ

ಈ ತಾಲ್ಲೂಕುಗಳಲ್ಲಿ ಬೇಸಿಗೆಯ ಕಾವು 40 ಡಿಗ್ರಿಗೆ ಮುಟ್ಟುತ್ತದೆ. ತಗಡಿನ ಮಾಡಿನ ಕೋಣೆಯೊಳಗೆ ಮುಚ್ಚಿದ ಪೆಟ್ಟಿಗೆಯಲ್ಲಿರುವ ಡಿಸ್ಕಿನ ಕಾವು ಅದಕ್ಕಿಂತಲೂ ಮೇಲಿರುತ್ತದೆ. ಗೂಗಲ್ ಅಧ್ಯಯನದಲ್ಲಿ ಕಾವಿನ ಪ್ರಭಾವ ನಿರೀಕ್ಷಿಸಿದಷ್ಟು ಕಾಣಲಿಲ್ಲ. ಮೂರು ವರ್ಷ ದಾಟಿದ ಡಿಸ್ಕುಗಳಲ್ಲಿ ಮಾತ್ರ ಹೆಚ್ಚಿನ ಕಾವು ಹಾನಿಕರವಾಗಿ ತೋರಿತು. ಹಳೆಯ ಡಿಸ್ಕುಗಳೇ ಹೆಚ್ಚಾಗಿ ಉಳಿದಿರುವ ಸಣ್ಣ ಊರಿನ ಅಂಗಡಿಗಳಿಗೆ ಈ ಮಾತು ಮುಖ್ಯ. 194ನೆಯ ಸಾಲು 50 ದಾಟದಂತೆ ನೋಡಿಕೊಳ್ಳುವುದು ಕ್ಷೇಮ.

ಪವರ್‌ಲೂಮ್ ಇರುವ ಮನೆಗಳಲ್ಲಿ ನೂಲಿನ ನವಿರು ಎಳೆಗಳು ಗಾಳಿಯಲ್ಲಿ ಸದಾ ಹಾರಾಡುತ್ತವೆ. ಡಿಸ್ಕಿನ ಒಳಗೆ ಹೋಗುವ ಗಾಳಿ ಶೋಧಕವನ್ನು ದಾಟಬೇಕಾದ್ದರಿಂದ ಅವು ತಟ್ಟೆಯನ್ನು ಮುಟ್ಟುವುದಿಲ್ಲ. ಆದರೆ ಕಂಪ್ಯೂಟರಿನ ಫ್ಯಾನ್ ಮತ್ತು ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನ ಜಾಲರಿಗೆ ಹತ್ತಿಯ ಹಾಳೆಯಂತೆ ಮೆತ್ತಿಕೊಂಡು ಕಾವನ್ನು ಒಳಗೇ ಕೂಡಿಹಾಕುತ್ತವೆ. ಮಗ್ಗದ ಅದುರುವಿಕೆ ನೆಲದ ಮೂಲಕ ಮೇಜಿಗೂ ತಲುಪುತ್ತದೆ. ವಿನ್ಯಾಸದ ಕಂಪ್ಯೂಟರನ್ನು ಮಗ್ಗದ ಕೋಣೆಯಿಂದ ಹೊರಗಿಡುವುದರಿಂದ ಎರಡೂ ತೊಂದರೆ ತಪ್ಪುತ್ತವೆ.

ವಿದ್ಯುತ್ ಹಠಾತ್ತನೆ ಹೋದಾಗ ಹೆಡ್ ತುರ್ತಾಗಿ ಹಿಂದೆ ಸರಿಯಬೇಕಾಗುತ್ತದೆ. ಅಂಥ ಸಲಗಳನ್ನು 192ನೆಯ ಸಾಲು ಎಣಿಸುತ್ತದೆ. ಅದು ಬೇಗ ಬೇಗ ಏರುತ್ತಿದ್ದರೆ ಯುಪಿಎಸ್‌ನ ಬ್ಯಾಟರಿ ಸತ್ತಿದೆಯೇ ನೋಡಬೇಕು.

ಲಕ್ಷಣ ಕಂಡ ಮೇಲೆ

ಮೊದಲ ಕೆಲಸ ನಕಲು. ದುರಸ್ತಿ, ಫಾರ್ಮ್ಯಾಟ್, ಡಿಸ್ಕ್ ಪರೀಕ್ಷೆ ಯಾವುದೂ ಅದಕ್ಕಿಂತ ಮೊದಲು ಬರಬಾರದು. ಸೊರಗಿದ ಡಿಸ್ಕಿಗೆ ಅವೆಲ್ಲ ಹೆಚ್ಚಿನ ದಣಿವು. ಮತ್ತೆ ಸಿಗಲಾರದ್ದನ್ನು ಮೊದಲು ನಕಲು ಮಾಡಬೇಕು: ಲೆಕ್ಕ, ದಾಖಲೆ, ಸ್ವಂತ ಫೋಟೊ, ವಿನ್ಯಾಸ, ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪು ಮಾಡಿದ ಹಳೆಯ ಕಡತಗಳು. ಸಿನಿಮಾ, ತಂತ್ರಾಂಶ ಕೊನೆಗೆ. ಡಿಸ್ಕ್ ಅಲ್ಲಲ್ಲಿ ತಡೆಯುತ್ತಿದ್ದರೆ ಗ್ನೂ ಡಿಡಿರೆಸ್ಕ್ಯೂ ತಂತ್ರಾಂಶ ಉಪಯುಕ್ತ. ಅದು ಓದಲು ಬರುವ ಭಾಗವನ್ನು ಮೊದಲು ನಕಲು ಮಾಡಿಕೊಂಡು, ಕೆಟ್ಟ ಭಾಗಕ್ಕೆ ಆಮೇಲೆ ಮರಳುತ್ತದೆ.

ಟಕ್ ಟಕ್ ಸದ್ದು ಶುರುವಾದ ಡಿಸ್ಕನ್ನು ಕೂಡಲೇ ಬಂದ್ ಮಾಡಬೇಕು. ಮತ್ತೆ ಮತ್ತೆ ಚಾಲೂ ಮಾಡಿದರೆ ಹೆಡ್ ತಟ್ಟೆಯನ್ನು ಗೀರಿ ಉಳಿದದ್ದನ್ನೂ ಹಾಳು ಮಾಡಬಹುದು. ಮುಚ್ಚಳ ಬಿಚ್ಚುವುದು, ತಟ್ಟುವುದು, ಫ್ರಿಜ್ಜಿನಲ್ಲಿಡುವುದು ಎಲ್ಲವೂ ಹಾನಿ ತರುವ ಉಪಾಯಗಳು. ಅದನ್ನು ದೂಳಿಲ್ಲದ ಕೋಣೆಯಿರುವ ಮಾಹಿತಿ ಮರುಪಡೆ ಕೇಂದ್ರಕ್ಕೆ ಒಯ್ಯುವುದೊಂದೇ ದಾರಿ. ಅಂಥ ಕೇಂದ್ರಗಳು ದೊಡ್ಡ ನಗರಗಳಲ್ಲಿವೆ. ಖರ್ಚು ಹೊಸ ಡಿಸ್ಕಿನ ಬೆಲೆಯ ಎಷ್ಟೋ ಪಟ್ಟು, ಫಲ ಖಚಿತವಲ್ಲ.

ಕಬ್ಬು ನುರಿಸುವ ಹಂಗಾಮು ಶುರುವಾಗುವ ಮುನ್ನ, ಮದುವೆಯ ಕಾಲಕ್ಕೆ ಮುನ್ನ, ವರ್ಷದ ಲೆಕ್ಕ ಮುಗಿಸುವ ಮಾರ್ಚ್‌ಗೆ ಮುನ್ನ ದೀರ್ಘ ಪರೀಕ್ಷೆ ಮಾಡಿಸುವುದು ಈ ಭಾಗಕ್ಕೆ ಒಪ್ಪುವ ವೇಳಾಪಟ್ಟಿ. ಕೆಲಸದ ನಡುವೆ ಡಿಸ್ಕ್ ಕೈಕೊಟ್ಟರೆ ಆಗುವ ನಷ್ಟ ಆ ಒಂದು ಹಗಲಿನ ಬಿಡುವಿಗಿಂತ ಎಷ್ಟೋ ದೊಡ್ಡದು.

ನಕಲಿನ ಸ್ಥಳ

ತಪಾಸಣೆಯ ಕೊನೆಯ ಮಾತು ನಕಲು ಎಲ್ಲಿರಬೇಕು ಎಂಬುದು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬುದು ಪ್ರಚಲಿತ ನಿಯಮ. ಕೃಷ್ಣಾ, ಘಟಪ್ರಭಾ ದಂಡೆಯವರಿಗೆ ಇದರ ಮೂರನೆಯ ಭಾಗವೇ ಮೊದಲನೆಯದು. 2019ರ ಆಗಸ್ಟ್‌ನಲ್ಲಿ ಜಮಖಂಡಿ, ಮುಧೋಳ ತಾಲ್ಲೂಕುಗಳ ನದಿ ದಂಡೆಯ ಹಳ್ಳಿಗಳಿಗೆ ನೆರೆ ನುಗ್ಗಿತು. ಕಂಪ್ಯೂಟರ್ ಮತ್ತು ಅದರ ನಕಲು ಒಂದೇ ಕಪಾಟಿನಲ್ಲಿದ್ದರೆ ಅಂಥ ದಿನ ಎರಡೂ ಒಟ್ಟಿಗೆ ನೀರು ಪಾಲಾಗುತ್ತವೆ. ಆಲಮಟ್ಟಿ ಜಲಾಶಯದ 519.60 ಮೀಟರ್ ಮಟ್ಟದ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಬೀಳಗಿ ತಾಲ್ಲೂಕಿನ ಜನರಿಗೆ ಹಳೆಯ ಮನೆ, ಗುಡಿ, ಹೊಲಗಳ ಗುರುತು ಉಳಿದಿರುವುದು ಕಾಗದದಲ್ಲಿ ಮತ್ತು ಫೋಟೊದಲ್ಲಿ. ಅದನ್ನು ಸ್ಕ್ಯಾನ್ ಮಾಡಿ ಒಂದೇ ಡಿಸ್ಕಿಗೆ ಒಪ್ಪಿಸಿ ಕೂರಬಾರದು. ಎತ್ತರದ ಊರಿನಲ್ಲಿರುವ ನೆಂಟರ ಮನೆಯಲ್ಲಿ ಎರಡನೆಯ ಡಿಸ್ಕಿಡಿ, ಕ್ಲೌಡ್‌ನಲ್ಲಿ ಮೂರನೆಯ ಪ್ರತಿ ಇಡಿ, ಆರು ತಿಂಗಳಿಗೊಮ್ಮೆ ಆ ಪ್ರತಿಗಳನ್ನು ತೆರೆದು ಓದಲು ಬರುತ್ತದೆಯೇ ನೋಡಿ. ತಪಾಸಣೆ ಕೊಡುವುದು ಕೆಲವು ದಿನಗಳ ಸಮಯವನ್ನು. ಮಾಹಿತಿ ಉಳಿಯುವುದು ಆ ಸಮಯದಲ್ಲಿ ಮಾಡಿಟ್ಟ ನಕಲಿನಿಂದ.